ಫಿಟ್ ಬಂತು

ನನ್ನ ಸೊಸೆ ಬಚ್ಚಲಿಗೆ ಹೋದರೆ ಚಿಲಕ ಹಾಕುವುದಿಲ್ಲ. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ನೋಡುತ್ತಿದ್ದೇನೆ, ಬಾಗಿಲನ್ನು ಸುಮ್ಮನೆ ಮುಂದಕ್ಕೆ ತಳ್ಳಿ ಒಳಗೆ ಹೋಗಿಬಿಡುತ್ತಾಳೆ. ಬೇರೆ ಅತ್ತೆಯಾಗಿದ್ದರೆ ಮರೆವು ಎಂದುಕೊಂಡು ಸುಮ್ಮನಾಗುತ್ತಿದ್ದಳೇನೋ. ನನ್ನ ಕೈಲಿ ಅದು ಆಗಲಿಲ್ಲ. ಕೂದಲು ನೆರೆಯುವ ತನಕ ಬೀಗದ ಕಾರ್ಖಾನೆಯಲ್ಲಿ ಕೆಲಸ ಮಾಡಿದವಳು ನಾನು. ಚಿಲಕ ಇರುವ ಬಾಗಿಲಿಗೆ ಚಿಲಕ ಹಾಕದವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಕಾರ್ಖಾನೆಯಲ್ಲಿ ನನ್ನದು ಕೊನೆಯ ಮೇಜು. ತಯಾರಾದ ಬೀಗವೆಲ್ಲ ನನ್ನ ಕೈ ದಾಟಿಯೇ ಪೆಟ್ಟಿಗೆ ಸೇರಬೇಕು. ಕೀಲಿ ಹಾಕಿ ತಿರುಗಿಸುತ್ತಿದ್ದೆ. ಎಲ್ಲೂ ತಡೆಯದೆ, ಕಿರುಗುಟ್ಟದೆ ತಿರುಗಿತೋ, ‘ಫಿಟ್ ಬಂತು’ ಎಂದು ಕೂಗಿ ಆಚೆ ಸರಿಸುತ್ತಿದ್ದೆ. ಕೀಲಿ ಒಂದಿಷ್ಟು ಅಳುಕಿದರೂ, ಬೀಗದ ಮೈಮೇಲೆ ಒಂದೇ ಒಂದು ಗೆರೆ ಇದ್ದರೂ ಕೆಂಪು ಡಬ್ಬಿಗೆ. ಅದಕ್ಕೇ ಅಲ್ಲಿ ಎಲ್ಲರ ಬಾಯಲ್ಲೂ ನಾನು ರಿಜೆಕ್ಟಮ್ಮ. ಬೇಜಾರೇನೂ ಇರಲಿಲ್ಲ ಬಿಡಿ. ಅದನ್ನು ನಾನು ಬಿರುದಿನ ಹಾಗೆ ಹೊತ್ತು ತಿರುಗಿದವಳೇ.

ನನ್ನ ಮಗ ಫ್ರಿಜ್ ರಿಪೇರಿ ಮಾಡುವವನು, ಬಾಯಿ ಸ್ವಲ್ಪ ಸಡಿಲ. ಮದುವೆಗೆ ಮುಂಚೆ ಆ ಹುಡುಗಿಯನ್ನು ಮನೆಗೆ ಕರೆದುಕೊಂಡು ಬಂದವನು, ‘ಇವರೇ ನಮ್ಮ ರಿಜೆಕ್ಟಮ್ಮ’ ಎಂದೇ ಪರಿಚಯ ಮಾಡಿಸಿದ. ನಾನೇನು ಬಿಡುತ್ತೇನೆಯೇ? ‘ಕೂತ್ಕೊಳಮ್ಮ, ಪಾಸ್ ಆಗ್ತೀಯೋ ಇಲ್ವೋ ನೋಡೇಬಿಡೋಣ’ ಎಂದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ಹುಡುಗಿ ಮಾತ್ರ ನಗಲಿಲ್ಲ. ನೀರಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು. ತಮಾಷೆ ಗೊತ್ತಾಗದ ಹೆಣ್ಣು ಎಂದುಕೊಂಡೆ.

ಹಾಗಂತ ಸೊಸೆಯನ್ನು ಕೆಟ್ಟವಳು ಎಂದರೆ ನನ್ನ ನಾಲಿಗೆ ಬಿದ್ದುಹೋದೀತು. ಹಲ್ಲಿನ ಡಾಕ್ಟರುಗಳಿಗೆ ಕಟ್ಟುಹಲ್ಲಿನ ಸೆಟ್ ಮಾಡಿಕೊಡುವ ಲ್ಯಾಬಿನಲ್ಲಿ ಅವಳಿಗೆ ಕೆಲಸ. ನನ್ನ ಮೇಲ್ದವಡೆಯ ಸೆಟ್ಟು ಅವಳ ಕೈಯದೇ. ಅದರಲ್ಲಿ ತಪ್ಪು ಹುಡುಕಿ ಹುಡುಕಿ ಸೋತಿದ್ದೇನೆ. ಆದರೆ ಹುಡುಗಿಯಲ್ಲಿ ಏನೋ ಒಂದು ಇದೆ ಎಂಬ ಗುಮಾನಿ ನನ್ನನ್ನು ಬಿಟ್ಟಿರಲಿಲ್ಲ. ಬೆಳಿಗ್ಗೆ ಒಂದು, ಸಂಜೆ ಒಂದು ಮಾತ್ರೆ ನುಂಗುತ್ತಾಳೆ. ಕೇಳಿದರೆ ವಿಟಮಿನ್ ಅನ್ನುತ್ತಾಳೆ. ಅಲಾರಂ ಇಟ್ಟುಕೊಂಡು ವಿಟಮಿನ್ ನುಂಗುವವರನ್ನು ನಾನಂತೂ ಇನ್ನೊಬ್ಬರನ್ನು ಕಂಡಿಲ್ಲ. ಅಟ್ಟದ ಮೇಲಿನ ಪಾತ್ರೆ ಬೇಕಾದರೆ ಸ್ಟೂಲು ಹತ್ತುವುದಿಲ್ಲ, ಗಂಡ ಬರಲಿ ಎಂದು ಕಾಯುತ್ತಾಳೆ. ಒಂದು ರಾತ್ರಿ ಸರಿಯಾಗಿ ನಿದ್ದೆಯಾಗಲಿಲ್ಲ ಎಂದರೆ ಮಾರನೇ ದಿನ ಕೆಲಸಕ್ಕೇ ರಜೆ. ಆಮೇಲೆ ಈ ಚಿಲಕ.

ಹೇಳಿ ಹೇಳಿ ಸಾಕಾಗಿ ಹೋದ ತಿಂಗಳು ನಾನೇ ಒಂದು ಉಪಾಯ ಮಾಡಿದೆ. ಬಾಗಿಲು ಮುಚ್ಚಿದರೆ ಸಾಕು, ತಾನಾಗಿಯೇ ‘ಟಕ್’ ಎಂದು ಬೀಳುವ ಸ್ಪ್ರಿಂಗ್ ಚಿಲಕ ತಂದು ನನ್ನ ಕೈಯಾರೆ ಬಚ್ಚಲ ಬಾಗಿಲಿಗೆ ಕೂರಿಸಿದೆ. ‘ಇನ್ನು ಮರೆಯೋ ಪ್ರಶ್ನೇನೇ ಇಲ್ಲ ನೋಡು’ ಎಂದೆ. ಅವಳು ಚಿಲಕವನ್ನೇ ನೋಡುತ್ತಾ ನಿಂತಳು. ಮಾರನೇ ದಿನ ನೋಡುತ್ತೇನೆ, ಬಾಗಿಲ ಸಂದಿಗೆ ರಬ್ಬರ್ ಚಪ್ಪಲಿ ಸಿಕ್ಕಿಸಿಕೊಂಡು ಸ್ನಾನ ಮಾಡುತ್ತಿದ್ದಾಳೆ! ಇದು ಹಟ ಅಲ್ಲದೆ ಇನ್ನೇನು, ನೀವೇ ಹೇಳಿ.

ಇಂಥವಳು ಈಗ ತುಂಬಿದ ಬಸುರಿ.

ಮೊಮ್ಮಗು ನನ್ನ ಪಕ್ಕದಲ್ಲಿ ಮಲಗಬೇಕು ಎಂಬುದು ನನ್ನ ಆಸೆ. ಅದನ್ನು ಮುಚ್ಚಿಡುವುದು ಏಕೆ? ನನ್ನ ಮಗ ಎಳೆಗೂಸಾಗಿದ್ದಾಗ ನಾನು ಶಿಫ್ಟಿಗೆ ಓಡುತ್ತಿದ್ದೆ. ಅವನನ್ನು ತಟ್ಟಿ ಮಲಗಿಸಿದ್ದೆಲ್ಲ ಪಕ್ಕದ ಮನೆಯವರು. ಮಗುವಿನ ಉಸಿರು ಕೇಳುತ್ತಾ ನಿದ್ದೆ ಹೋಗುವ ಸುಖ ಏನೆಂದು ನನಗೆ ಗೊತ್ತೇ ಇಲ್ಲ. ಅದಕ್ಕೆ ನನ್ನ ಕೋಣೆಯ ಹೊಲಿಗೆ ಮಿಷನ್ನನ್ನು ಹಾಲ್‌ಗೆ ಸಾಗಿಸಿ, ಕಿಟಕಿಯ ಬದಿಗೆ ಜಾಗ ಮಾಡಿ ಇಟ್ಟಿದ್ದೆ. ಹಾಲು ಕುಡಿಸುವಾಗ ಅವಳು ಎತ್ತಿಕೊಂಡು ಹೋಗಲಿ, ಉಳಿದ ಹೊತ್ತು ಇಲ್ಲಿ ಮಲಗಲಿ.

ಆಗ ಬಂತು ನೋಡಿ ಹೊಸ ರಾಗ.

‘ಅಮ್ಮಾ, ನಮ್ಮ ಮಂಚಕ್ಕೇ ಅಂಟಿಸ್ಕೊಳ್ಳೋ ಥರದ ತೊಟ್ಟಿಲು ಬರತ್ತಂತೆ’ ಎಂದ ಮಗ, ಟೀ ಹೀರುತ್ತಾ, ನನ್ನ ಮುಖ ನೋಡದೆ. ‘ಒಂದು ಕಡೆ ಗೋಡೆ ತಗ್ಗಾಗಿರತ್ತೆ. ಮಗು ಪಕ್ಕದಲ್ಲೇ ಇದ್ದ ಹಾಗೂ ಆಯ್ತು, ಬೇರೆ ಮಲಗಿದ ಹಾಗೂ ಆಯ್ತು.’

‘ತೂಗಕ್ಕೆ ಆಗತ್ತಾ?’

‘ಇಲ್ಲ. ಅಲುಗಾಡಬಾರ್ದು, ಅದೇ ಅದರ ವಿಶೇಷ.’

‘ತೂಗದಿರೋದು ಎಂಥ ತೊಟ್ಟಿಲೋ? ಅದಕ್ಕಿಂತ ನನ್ನ ಕೋಣೇಲಿ ಜಾಗ ಮಾಡಿಲ್ವಾ?’

ಗಂಡ ಹೆಂಡತಿಯ ಮುಖ ನೋಡಿದ, ಹೆಂಡತಿ ಗಂಡನ ಮುಖ ನೋಡಿದಳು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಕೆಟ್ಟ ಬೀಗವನ್ನು ಒಳ್ಳೆಯದರ ಜೊತೆ ಸೇರಿಸಿ ಸಾಗಿಸಲು ಬರುತ್ತಿದ್ದ ಸೂಪರ್‌ವೈಸರ್ ತನ್ನ ಜೊತೆಗಾರನನ್ನು ಹೀಗೇ ನೋಡುತ್ತಿದ್ದ. ಇಲ್ಲೇನೋ ನಡೆಯುತ್ತಿದೆ ಎಂದು ಆಗಲೇ ನನ್ನ ಕಿವಿ ನೆಟ್ಟಗಾಯಿತು.

ಆ ಸಂಜೆ ಬಾಲ್ಕನಿಯಲ್ಲಿ ಬಟ್ಟೆ ಮಡಚುತ್ತಿದ್ದೆ. ಅವರ ಕೋಣೆಯ ಕಿಟಕಿ ಅಲ್ಲಿಗೇ ತೆರೆದುಕೊಳ್ಳುತ್ತದೆ. ಕದ್ದು ಕೇಳಲಿಲ್ಲ, ಕೇಳಿಸಿತು. ಕೇಳಿಸುತ್ತಿದೆ ಎಂದು ಅಲ್ಲಿಂದ ಏಳಲಿಲ್ಲ, ಅಷ್ಟೇ.

‘ಫಿಟ್ ಬಂದ್ಬಿಟ್ರೆ ಆಮೇಲೆ ಮುಚ್ಚಿಡೋದು ಏನ್ರೀ?’ ಸೊಸೆಯ ದನಿ. ‘ಅತ್ತೆಗೆ ಗೊತ್ತಾಗೇ ಗೊತ್ತಾಗತ್ತೆ.’

‘ಇಷ್ಟು ದಿನ ಬಂದಿಲ್ಲ ತಾನೇ? ಸುಮ್ನಿರು’ ಎಂದ ಮಗ. ‘ಆ ತೊಟ್ಟಿಲು ಒಂದು ಬರ್ಲಿ. ಆಮೇಲೆ ಬಂದ್ರೂ ಭಯ ಇಲ್ಲ.’

‘ಅತ್ತೆಗೆ ಹೇಳಿಬಿಡೋಣ ಅನ್ಸತ್ತೆ ನನಗೆ.’

‘ಬೇಡ. ಅಮ್ಮ ಗೊತ್ತಲ್ಲ ನಿನಗೆ.’

ನನ್ನ ಕೈಯಲ್ಲಿದ್ದ ಟವೆಲ್ ಹಾಗೇ ನಿಂತಿತು. ಓಹೋ! ಅಂದರೆ ಇದು ಇವತ್ತು ನಿನ್ನೆಯ ಕಥೆಯಲ್ಲ. ನನಗೆ ತಿಳಿಯದ ಹಾಗೆ ಅಂಗಡಿಗಳಿಗೆ ಹೋಗಿ, ತೊಟ್ಟಿಲು ನೋಡಿ, ಮಂಚದ ಅಳತೆ ಕೊಟ್ಟು ಬಂದಿದ್ದಾರೆ. ಇಷ್ಟು ದಿನ ಯಾವುದೂ ಫಿಟ್ ಬಂದಿಲ್ಲ. ಬಂದುಬಿಟ್ಟರೆ ನನಗೆ ಗೊತ್ತಾಗುತ್ತದೆ ಎಂದು ಇವಳಿಗೆ ಅಳುಕು. ತೊಟ್ಟಿಲನ್ನು ಮಂಚಕ್ಕೆ ಬಿಗಿದುಬಿಟ್ಟರೆ ಮುದುಕಿ ಎತ್ತಿಕೊಂಡು ಹೋಗುವುದು ಹೇಗೆ, ಅಲ್ಲವೇ? ಎಂಥ ಲೆಕ್ಕಾಚಾರ! ಟವೆಲ್ ಮಡಚಿದೆ, ಬಿಚ್ಚಿದೆ, ಮತ್ತೆ ಮಡಚಿದೆ. ಬಾಯಿಗೆ ಮಾತ್ರ ಬೀಗ ಹಾಕಿಕೊಂಡೆ. ಸಾಕ್ಷಿ ಕೈಗೆ ಸಿಗುವ ತನಕ ಮಾತಾಡುವವಳಲ್ಲ ನಾನು.

ಭಾನುವಾರ ಮೂವರೂ ಅಂಗಡಿಗೆ ಹೊರಟೆವು. ಕರೆಯದಿದ್ದರೂ ನಾನು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದೆ.

ಮಕ್ಕಳ ಸಾಮಾನಿನ ದೊಡ್ಡ ಅಂಗಡಿ. ಮೇಲಿನ ಮಹಡಿ ತುಂಬ ತೊಟ್ಟಿಲು, ಪ್ರತಿಯೊಂದರಲ್ಲೂ ಒಂದೊಂದು ಗೊಂಬೆ ಮಲಗಿಸಿದ್ದರು. ಟೈ ಕಟ್ಟಿದ ಸೇಲ್ಸ್‌ಮ್ಯಾನ್ ನಗುನಗುತ್ತಾ ಬಂದ. ‘ಇದು ನೋಡಿ ಮೇಡಂ, ಎಲ್ಲರೂ ಇದನ್ನೇ ತಗೊಂಡ್ ಹೋಗ್ತಾರೆ’ ಎಂದು ಬಲೆಯ ಗೋಡೆಯ, ಗಿಲೀಟಿನ ಒಂದನ್ನು ತೋರಿಸಿದ. ಅದರ ಬದಿಯ ಗೋಡೆಯನ್ನು ಕೆಳಗಿಳಿಸಲು ಒಂದು ಕೊಂಡಿ. ನಾನು ಹೆಬ್ಬೆರಳಲ್ಲಿ ಒಂದು ಒತ್ತು ಒತ್ತಿದೆ. ಗೋಡೆ ದಬಕ್ಕನೆ ಕೆಳಗೆ ಬಂತು.

‘ಇದು ಕೊಂಡಿ ಅಲ್ಲಪ್ಪ, ಕೊಂಡಿಯ ಚಿತ್ರ’ ಎಂದೆ. ‘ತೆಗಿ ಆಚೆ.’

ಎರಡನೆಯದಕ್ಕೆ ಗಾಲಿ ಇತ್ತು. ಗಾಲಿಗೆ ಲಾಕ್ ಇದೆ ಎಂದ. ಲಾಕ್ ಹಾಕಿಸಿ ಸೊಂಟದಲ್ಲಿ ಸ್ವಲ್ಪ ನೂಕಿದೆ. ತೊಟ್ಟಿಲು ಸರಿಯಿತು. ಪಕ್ಕದ ಪ್ರದರ್ಶನದ ಮಂಚಕ್ಕೂ ಅದಕ್ಕೂ ನಡುವೆ ನನ್ನ ಇಡೀ ಅಂಗೈ ಇಳಿಯುವಷ್ಟು ಸಂದಿ ಬಿತ್ತು. ‘ಮಗು ಜಾರೋಕೆ ಇಷ್ಟು ಸಾಲ್ದಾ?’ ಎಂದೆ. ಮೂರನೆಯದರ ಹಾಸಿಗೆ ನೋಡಲು ಚೆಂದ. ಮುಷ್ಟಿ ಒತ್ತಿದರೆ ಮೊಣಕೈ ತನಕ ಒಳಗೆ ಹೋಯಿತು. ಇಂಥದರಲ್ಲಿ ಮಗು ಮುಖ ಕೆಳಗಾಗಿ ಹೊರಳಿದರೆ ಉಸಿರಾಡುವುದು ಎಲ್ಲಿಂದ? ಅದೂ ಹೋಯಿತು. ಸೇಲ್ಸ್‌ಮ್ಯಾನ್‌ನ ನಗು ಸಣ್ಣಗಾಗುತ್ತಾ ಬಂತು. ಮಗ ಬೇರೆಯವರ ಜೊತೆ ಬಂದವನ ಹಾಗೆ ದೂರ ಹೋಗಿ ಗಿಲಕಿ ನೋಡುತ್ತಾ ನಿಂತ.

ಸೊಸೆ ಮಾತ್ರ ಮೂಲೆಯಲ್ಲಿದ್ದ ಒಂದರ ಮುಂದೆ ನಿಂತಿದ್ದಳು. ಬಣ್ಣವಿಲ್ಲ, ಬೆಡಗಿಲ್ಲ, ಬರೀ ಮರದ್ದು. ಮಂಚದ ಕಡೆಯ ಗೋಡೆಯನ್ನು ಪೂರ್ತಿ ಇಳಿಸಬಹುದು, ಅರ್ಧಕ್ಕೆ ನಿಲ್ಲಿಸಬಹುದು, ಪೂರ್ತಿ ಏರಿಸಲೂಬಹುದು. ಅಡಿಯಿಂದ ಅಗಲವಾದ ಬೆಲ್ಟು ಬಂದು ಮಂಚದ ಚೌಕಟ್ಟಿಗೆ ಬಿಗಿಯುತ್ತದೆ.

‘ಈ ಗೋಡೆ ಅರ್ಧಕ್ಕೆ ನಿಲ್ಸಿದ್ರೆ, ದೊಡ್ಡವರ ಕೈ ಆ ಕಡೆ ಬೀಳಲ್ಲ ತಾನೇ?’ ಎಂದು ಕೇಳಿದಳು.

‘ಇಲ್ಲ ಮೇಡಂ.’

‘ಜೋರಾಗಿ ಬಿದ್ರೂ?’

‘ಜೋರಾಗಿ ಅಂದ್ರೆ?’

‘ಮತ್ತೆ, ಮಂಚ ತುಂಬಾ ಅಲುಗಾಡಿದ್ರೆ ಈ ಬೆಲ್ಟು ಕಳಚ್ಕೊಳ್ಳತ್ತಾ?’

ಸೇಲ್ಸ್‌ಮ್ಯಾನ್ ಕೆಮ್ಮಿದ. ‘ಮಂಚ ಯಾಕೆ ಮೇಡಂ ಅಷ್ಟು ಅಲುಗಾಡತ್ತೆ?’ ಎಂದು ನನ್ನ ಮಗನ ಕಡೆ ನೋಡಿದ. ಮಗನ ಕಿವಿ ಕೆಂಪಗಾಯಿತು. ನನಗೆ ಮಹಡಿಯಿಂದ ಹಾರಿಬಿಡೋಣ ಎನ್ನಿಸಿತು. ಆದರೆ ಸೊಸೆಯ ಮುಖದಲ್ಲಿ ನಾಚಿಕೆಯೂ ಇಲ್ಲ, ನಗುವೂ ಇಲ್ಲ. ಬೆಲ್ಟನ್ನು ಎರಡೂ ಕೈಯಿಂದ ಹಿಡಿದು ಜಗ್ಗುತ್ತಿದ್ದಳು, ತುಂಬಿದ ಬಸುರಿ, ಹಲ್ಲು ಕಚ್ಚಿಕೊಂಡು.

ಮನಸ್ಸಿಗೆ ಹುಳ ಹೊಕ್ಕಿತು. ಅಜ್ಜಿಯ ಕೈಗೆ ಸಿಗಬಾರದು ಎಂದು ಬೆಲ್ಟು ಬಿಗಿಯುವುದು ಸರಿ, ಅರ್ಥವಾಯಿತು. ಈ ಗೋಡೆ ಏತಕ್ಕೆ? ಯಾವ ತಾಯಿ ತನಗೂ ಮಗುವಿಗೂ ನಡುವೆ ಗೋಡೆ ಬೇಕು ಎಂದು ಕೇಳುತ್ತಾಳೆ?

‘ಅಷ್ಟೊಂದು ಅನುಮಾನ ಇದ್ರೆ ಈ ತಾಪತ್ರಯಾನೇ ಬೇಡ ಕಣಮ್ಮ’ ಎಂದೆ, ದನಿಯಲ್ಲಿ ಬೆಣ್ಣೆ ಸವರಿಕೊಂಡು. ‘ಮಗು ನನ್ನ ಕೋಣೇಲಿ ಮಲಗ್ಲಿ.’

ಅವಳ ಕಣ್ಣು ತುಂಬಿಬಿಟ್ಟಿತು. ‘ನನ್ನ ಪಕ್ಕದಲ್ಲೇ ಇರ್ಬೇಕು ಅತ್ತೆ’ ಎಂದಳು. ‘ಆದ್ರೆ ನನ್ನ ಹಾಸಿಗೇಲಿ ಬೇಡ.’

ಇದೆಂಥ ಮಾತು? ತಾನೂ ತಬ್ಬಿಕೊಂಡು ಮಲಗುವುದಿಲ್ಲ, ನನಗೂ ಕೊಡುವುದಿಲ್ಲ. ಆ ತೊಟ್ಟಿಲನ್ನು ನಾನು ಮೇಲೆ ಕೆಳಗೆ ತಡಕಿದೆ. ಅಲುಗಿಸಿದೆ, ಒತ್ತಿದೆ, ಮೂಲೆ ಮೂಲೆಗೆ ಬೆರಳು ತೂರಿಸಿದೆ, ಬಗ್ಗಿ ಅಡಿಯನ್ನೂ ನೋಡಿದೆ. ಹಾಸಿಗೆ ಗಟ್ಟಿ, ಸರಳುಗಳ ನಡುವೆ ಅಂತರ ಸಣ್ಣದು, ಮೊಳೆಯ ತಲೆ ಒಂದೂ ಹೊರಗಿಲ್ಲ. ಏನಾದರೊಂದು ಸಿಗಲಪ್ಪಾ ಎಂದು ಹುಡುಕಿದರೂ ಒಂದು ಗೆರೆ ಸಿಗಲಿಲ್ಲ. ಕೊಳ್ಳದೆ ವಿಧಿ ಇರಲಿಲ್ಲ. ಮನೆಯ ದಾರಿಯುದ್ದಕ್ಕೂ ನಾನು ಬಾಯಿ ಬಿಡಲಿಲ್ಲ. ನಾನು ಬಾಯಿ ಬಿಡದಿರುವುದು ಎಂಥ ಅಪಾಯದ ಸೂಚನೆ ಎಂದು ಮಗನಿಗೆ ಗೊತ್ತು, ಕಾರು ಓಡಿಸುತ್ತಾ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ.

ಎರಡು ದಿನ ಬಿಟ್ಟು ತೊಟ್ಟಿಲು ಬಿಡಿ ಬಿಡಿಯಾಗಿ ಪೆಟ್ಟಿಗೆಯಲ್ಲಿ ಬಂತು, ಜೊತೆಗೆ ಜೋಡಿಸಿ ಕೊಡುವ ಫಿಟ್ಟರ್ ಬಂದ. ವಯಸ್ಸಾದ ಮನುಷ್ಯ, ಮಾತು ಕಡಿಮೆ, ಗಂಟಲು ದೊಡ್ಡದು. ನಾನು ಅವನ ತಲೆಯ ಮೇಲೇ ನಿಂತು ಮೈಯೆಲ್ಲ ಕಣ್ಣಾಗಿ ನೋಡಿದೆ. ಎರಡು ಹಾಸಿಗೆಯ ಎತ್ತರ ಸರಿಹೊಂದಿಸಿದ, ಬೆಲ್ಟು ಬಿಗಿದ. ನಾನು ಅಂಗೈಯನ್ನು ಮಂಚಕ್ಕೂ ತೊಟ್ಟಿಲಿಗೂ ನಡುವೆ ತೂರಿಸಲು ನೋಡಿದೆ. ಉಗುರು ಕೂಡ ಹೋಗಲಿಲ್ಲ.

ಅವನು ಎದ್ದು ನಿಂತು ಕೈ ಕೊಡವಿಕೊಂಡು, ಮನೆಯವರಿಗೆಲ್ಲ ಕೇಳಲಿ ಎಂದೇನೋ, ಒಮ್ಮೆ ಕೂಗಿದ: ‘ಫಿಟ್ ಬಂತು!’

ಅಡುಗೆಮನೆಯಲ್ಲಿ ಏನೋ ಬಿದ್ದ ಸದ್ದಾಯಿತು. ಬಚ್ಚಲಲ್ಲಿ ಮುಖ ತೊಳೆಯುತ್ತಿದ್ದ ಮಗ ಸೋಪಿನ ಮುಖದಲ್ಲೇ ಓಡಿ ಬಂದು, ಜಾರಿ, ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತ. ‘ಯಾವಾಗ? ಎಲ್ಲಿದ್ದಾಳೆ?’

‘ಯಾರೋ? ಮಂಚಕ್ಕೆ ತೊಟ್ಟಿಲು ಫಿಟ್ ಬಂತು ಅಂದ್ರೆ ಇವನೊಬ್ಬ!’ ಎಂದೆ.

ಮಗನಿಗೆ ಉಸಿರು ಬಂತು. ಗೋಡೆಗೆ ಒರಗಿ, ‘ಹೂಂ, ಹೂಂ, ತೊಟ್ಟಿಲು’ ಎಂದ. ಅಡುಗೆಮನೆಯ ಬಾಗಿಲಲ್ಲಿ ಸೊಸೆ ನಿಂತಿದ್ದಳು, ಮುಖದಲ್ಲಿ ರಕ್ತವೇ ಇರಲಿಲ್ಲ. ಫಿಟ್ಟರ್ ನಮ್ಮ ಮೂವರನ್ನೂ ಒಂದೊಂದು ಸಲ ನೋಡಿ ತನ್ನ ಚೀಲ ಎತ್ತಿಕೊಂಡು ಹೊರಟುಹೋದ.

ಸಾಕಲ್ಲವೇ ಸಾಕ್ಷಿ? ಕಳ್ಳರು ಕೈಗೆ ಸಿಕ್ಕಿಬಿದ್ದರು ಎಂದೇ ತಿಳಿದೆ. ಬಾಗಿಲು ಹಾಕಿ ಬಂದು ಮಂಚದ ಮೇಲೆ ಕೂತು, ತೊಟ್ಟಿಲಿನ ಗೋಡೆಯ ಮೇಲೆ ಕೈ ಇಟ್ಟುಕೊಂಡು, ಇಬ್ಬರನ್ನೂ ಮುಂದೆ ನಿಲ್ಲಿಸಿದೆ.

‘ನನ್ನನ್ನ ಏನು ಪೆದ್ದಿ ಅಂದ್ಕೊಂಡಿದ್ದೀರಾ? ಈ ಫಿಟ್ ವಿಷಯ ನನಗೆ ಗೊತ್ತಿಲ್ಲ ಅಂದ್ಕೊಂಡ್ರಾ? ಎಲ್ಲಾ ಗೊತ್ತು. ಎಷ್ಟು ದಿನದಿಂದ ನನ್ನಿಂದ ಮುಚ್ಚಿಟ್ಕೊಂಡು ಬಂದಿದ್ದೀರಿ ಅನ್ನೋದೂ ಗೊತ್ತು.’

ಮಗ ‘ಅಮ್ಮಾ’ ಎಂದ. ಅವನನ್ನು ಕೈ ಎತ್ತಿ ಸುಮ್ಮನಾಗಿಸಿದೆ. ಸೊಸೆ ನಿಧಾನಕ್ಕೆ ಬಂದು, ಹೊಟ್ಟೆಗೆ ಒಂದು ಕೈ ಕೊಟ್ಟುಕೊಂಡು ನನ್ನ ಎದುರಿನ ಕುರ್ಚಿಯಲ್ಲಿ ಕೂತಳು. ಜಗಳಕ್ಕೆ ನಾನು ಸೊಂಟ ಕಟ್ಟಿಕೊಂಡೇ ಕೂತಿದ್ದೆ. ಅವಳು ಜಗಳ ಆಡಲಿಲ್ಲ.

‘ಹೈಸ್ಕೂಲಿಂದ ಇದೆ ಅತ್ತೆ’ ಎಂದಳು.

ಏನು ಇದೆ? ನಾನು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಅವಳೇ ಮುಂದುವರಿಸಿದಳು.

‘ಮೊದಲನೇ ಸಲ ಬಂದಾಗ ಕ್ಲಾಸಲ್ಲೇ ಬಿದ್ಬಿಟ್ಟೆ. ಮೈಯೆಲ್ಲ ಅದುರ್ತಂತೆ. ನನಗೇನೂ ನೆನಪಿಲ್ಲ, ಎಚ್ಚರ ಆದಾಗ ಎಲ್ರೂ ಸುತ್ತ ನಿಂತು ನೋಡ್ತಿದ್ರು. ಆಮೇಲೆ ಮಾತ್ರೆ ಶುರು ಮಾಡಿದ್ರು. ತಪ್ಪದೆ ತಗೊಂಡ್ರೆ ಬರಲ್ಲ, ಮದುವೆ ಆದ್ಮೇಲೆ ಒಂದ್ಸಲಾನೂ ಬಂದಿಲ್ಲ, ನಿಮ್ಮಾಣೆ. ನಿಮ್ಮ ಮಗನಿಗೆ ಮೊದಲೇ ಎಲ್ಲಾ ಹೇಳಿದ್ದೆ.’

ಫಿಟ್ಸ್. ಹುಡುಗಿಗೆ ಫಿಟ್ಸ್ ಇತ್ತು. ಕಾರ್ಖಾನೆಯ ನನ್ನ ಮೇಜಿನ ‘ಫಿಟ್ ಬಂತು’ ಎಂಬ ಮಾತನ್ನು ನಾನು ಬಾಲ್ಕನಿಯಲ್ಲಿ ಕೂತು ಕೇಳಿಸಿಕೊಂಡಿದ್ದೆ, ಅವಳು ಆಡಿದ್ದು ಬೇರೆಯದೇ ಮಾತು.

ಸುಳ್ಳು ಏಕೆ ಹೇಳಲಿ, ಮೊದಲು ಬಂದದ್ದು ಸಿಟ್ಟು. ನನ್ನ ಮನೆಯಲ್ಲಿ, ನನ್ನ ಕಣ್ಣೆದುರಿಗೆ, ನನ್ನ ಮಗನೇ ಸೇರಿಕೊಂಡು ಇಷ್ಟು ದೊಡ್ಡ ವಿಷಯ ಮುಚ್ಚಿಟ್ಟ. ವಿಟಮಿನ್ ಅಂತೆ! ಬಾಯಿ ತೆರೆದಿದ್ದರೆ ಏನೇನು ಬರುತ್ತಿತ್ತೋ. ಆದರೆ ಅವಳು ಇನ್ನೂ ಮಾತಾಡುತ್ತಿದ್ದಳು, ನನಗೆ ಎಲ್ಲ ಗೊತ್ತಿದೆ ಎಂದೇ ನಂಬಿಕೊಂಡು.

‘ಹೆರಿಗೆ ಆದ್ಮೇಲೆ ನಿದ್ದೆ ಕೆಡತ್ತಲ್ಲ, ನಿದ್ದೆ ಕೆಟ್ರೆ ಬಂದ್ರೂ ಬರಬಹುದು ಅಂದ್ರು ಡಾಕ್ಟರು. ಮಗು ಪಕ್ಕದಲ್ಲಿರ್ಲಿ, ಒಂದೇ ಹಾಸಿಗೇಲಿ ಬೇಡ ಅಂದ್ರು. ನನಗೆ ಗೊತ್ತೇ ಆಗಲ್ಲ ಅತ್ತೆ ಆಗ. ನಾನು ಒದ್ದಾಡ್ತಿರೋವಾಗ ಮಗು ನನ್ನ ಕೈ ಕೆಳಗೆ ಸಿಕ್ಕಿದ್ರೆ? ಅದಕ್ಕೇ ಆ ಗೋಡೆ, ಆ ಬೆಲ್ಟು. ನನ್ನ ಮಗುಗೆ ನನ್ನಿಂದಾನೇ ಏನಾದ್ರೂ ಆದ್ರೆ...’

ತನಗೂ ಮಗುವಿಗೂ ನಡುವೆ ಗೋಡೆ ಕೇಳಿದ ತಾಯಿ ನನ್ನ ಎದುರಿಗೆ ಕೂತಿದ್ದಳು.

‘ಮತ್ತೆ ನನಗ್ಯಾಕೆ ಹೇಳ್ಲಿಲ್ಲ?’ ಎಂದೆ.

ಅವಳು ತಲೆ ತಗ್ಗಿಸಿದಳು. ‘ನೀವು ಒಂದು ಗೆರೆ ಇದ್ರೂ ತೆಗೆದು ಹಾಕೋರು ಅಂತ ಇವರು ಹೇಳಿದ್ರು. ಮೊದಲ ದಿನಾನೇ ನೀವು ಪಾಸ್ ಆಗ್ತೀಯಾ ನೋಡೋಣ ಅಂದ್ರಿ. ನನ್ನನ್ನೂ ರಿಜೆಕ್ಟ್ ಮಾಡ್ಬಿಡ್ತೀರಿ ಅಂತ ಭಯ ಆಯ್ತು ಅತ್ತೆ. ಆದ್ರೆ ನೀವು...’ ತಲೆ ಎತ್ತಿ ಕಣ್ಣೊರೆಸಿಕೊಂಡಳು. ‘ಗೊತ್ತಿದ್ದೂ ಇಷ್ಟು ದಿನ ಒಂದು ಮಾತೂ ಅನ್ಲಿಲ್ವಲ್ಲ. ನಾನು ನಿಮ್ಮನ್ನ ಏನೇನೋ ಅಂದ್ಕೊಂಡಿದ್ದೆ.’

ಕಪಾಳಕ್ಕೆ ಹೊಡೆದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಯಾವ ದೊಡ್ಡತನ ನನ್ನಲ್ಲಿ ಇರಲೇ ಇಲ್ಲವೋ ಅದಕ್ಕೆ ಅವಳು ನನಗೆ ಕೈ ಮುಗಿಯುತ್ತಿದ್ದಳು. ಮಗನ ಕಡೆ ನೋಡಿದೆ. ಸೋಪು ಅವನ ಮುಖದ ಮೇಲೇ ಒಣಗಿ ಬೆಳ್ಳಗಾಗಿತ್ತು. ಅವನ ಹಿಂದೆ ಬಚ್ಚಲ ಬಾಗಿಲು ಕಾಣುತ್ತಿತ್ತು, ಬಾಗಿಲ ಮೇಲೆ ನಾನು ಕೂರಿಸಿದ ಚಿಲಕ ಪಳಪಳ ಹೊಳೆಯುತ್ತಿತ್ತು.

ಒಳಗೆ ಬಿದ್ದರೆ ಯಾರಾದರೂ ಬಂದು ಎತ್ತಲಿ ಎಂದು ಅವಳು ಬಾಗಿಲು ತೆರೆದಿಟ್ಟುಕೊಂಡಿದ್ದಳು. ಅದಕ್ಕೆ ತಾನಾಗಿಯೇ ಬೀಳುವ ಚಿಲಕ ಹಾಕಿದವಳು ನಾನು. ಒಂದು ರಬ್ಬರ್ ಚಪ್ಪಲಿ, ಅಷ್ಟೇ, ನಡುವೆ ಇದ್ದದ್ದು. ಅದನ್ನೂ ನಾನು ಎರಡು ಸಲ ಕಾಲಲ್ಲಿ ಒದ್ದು ಆಚೆ ಹಾಕಿ, ಬಾಗಿಲು ಎಳೆದುಕೊಂಡು ಹೋಗಿದ್ದೆ. ಅವಳು ಒಳಗಿದ್ದಾಗಲೇ. ಬಸುರಿ.

ಎದ್ದೆ. ಅವಳು ‘ಅತ್ತೆ, ಎಲ್ಲಿಗೆ?’ ಎಂದಳು. ನಾನು ಮಗನ ಟೂಲ್ ಪೆಟ್ಟಿಗೆಯಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು ಬಚ್ಚಲಿನ ಮುಂದೆ ಹೋದೆ. ನಾನು ಸಿಟ್ಟು ಮಾಡಿಕೊಂಡೆ ಎಂದುಕೊಂಡರೇನೋ, ಇಬ್ಬರೂ ಹಿಂದೆಯೇ ಬಂದರು. ಚಿಲಕದ ಮೊದಲನೆಯ ಸ್ಕ್ರೂ ಬಿಚ್ಚಿದೆ. ಬಿಗಿಯಾಗಿ ಕೂತಿತ್ತು, ನನ್ನ ಕೈ ಕೆಲಸ ಅಲ್ಲವೇ. ಬಿಚ್ಚಿದ ಸ್ಕ್ರೂಗಳನ್ನು ಹಳೆಯ ಅಭ್ಯಾಸದಂತೆ ಹಲ್ಲಿನಲ್ಲಿ ಕಚ್ಚಿಕೊಂಡೆ. ಅವಳು ಮಾಡಿಕೊಟ್ಟ ಹಲ್ಲು. ಮಗ ‘ಕೊಡಮ್ಮ, ನಾನ್ ಮಾಡ್ತೀನಿ’ ಎಂದ. ಮೊಣಕೈಯಲ್ಲಿ ಅವನನ್ನು ಪಕ್ಕಕ್ಕೆ ತಳ್ಳಿದೆ. ಚಿಲಕ ಕಳಚಿ ಕೈಗೆ ಬಂತು. ಬಾಗಿಲಲ್ಲಿ ಬರೀ ತೂತುಗಳು ಉಳಿದವು.

ಸ್ಕ್ರೂಗಳನ್ನು ಅಂಗೈಗೆ ಉಗಿದುಕೊಂಡು, ‘ಇವತ್ತಿಂದ ಈ ಮನೇಲಿ ಬಚ್ಚಲಿಗೆ ಯಾರೂ ಚಿಲಕ ಹಾಕೋ ಹಾಗಿಲ್ಲ’ ಎಂದೆ. ‘ಒಳಗೆ ಹೋದೋರು ಹಾಡ್ತಾ ಇರ್ಬೇಕು. ಹಾಡು ನಿಂತ್ರೆ, ಬಾಗಿಲು ತಳ್ಕೊಂಡು ಬರ್ತೀವಿ. ನೀನೂ ಹಾಡ್ಬೇಕು ಕಣೋ. ನಾನೂ ಹಾಡ್ತೀನಿ.’

ಸೊಸೆ ನಗಲೂ ಆಗದೆ ಅಳಲೂ ಆಗದೆ ನಿಂತಿದ್ದಳು. ಆಮೇಲೆ, ‘ಅತ್ತೆ, ನಿಮಗೆ ಯಾವಾಗ ಗೊತ್ತಾಯ್ತು?’ ಎಂದು ಕೇಳಿದಳು.

ಮಗ ಥಟ್ಟನೆ ತಲೆ ಎತ್ತಿದ. ನನ್ನ ಮುಖ ಅವನಿಗೆ ಅಂಗೈಯಷ್ಟು ಪರಿಚಯ. ನನಗೆ ಇಷ್ಟು ಹೊತ್ತಿನ ತನಕ ಏನೆಂದರೆ ಏನೂ ಗೊತ್ತಿರಲಿಲ್ಲ ಎಂಬುದು ಅವನಿಗೆ ಆಗಲೇ ತಿಳಿದುಹೋಗಿತ್ತು.

‘ಮದುವೆಗೆ ಮುಂಚೇನೇ’ ಎಂದೆ. ‘ನೀರಿನ ಲೋಟ ಹಿಡ್ಕೊಂಡು ಕೂತಿದ್ಯಲ್ಲ, ಆವತ್ತೇ ಗೊತ್ತಿತ್ತು. ಗೊತ್ತಿದ್ದೇ ಪಾಸ್ ಮಾಡಿದ್ದು.’

ಮಗ ಬಾಯಿ ತೆರೆದ. ಕೆಕ್ಕರಿಸಿ ನೋಡಿದೆ. ಮುಚ್ಚಿಕೊಂಡ. ಅವಳು ಬಂದು ನನ್ನ ಹೆಗಲ ಮೇಲೆ ಹಣೆ ಇಟ್ಟಳು. ಅವಳ ಹೊಟ್ಟೆ ನಡುವೆ ಅಡ್ಡ ಬಂದು ತಬ್ಬಿಕೊಳ್ಳಲು ಆಗಲಿಲ್ಲ, ಹಾಗೇ ಓರೆಯಾಗಿ ನಿಂತುಕೊಂಡೆವು. ಒಳಗಿನ ಮಗು ನನ್ನ ಪಕ್ಕೆಗೆ ಒಂದು ಒದ್ದಿತು.

ಸಂಜೆ ಅವಳು ಸ್ನಾನಕ್ಕೆ ಹೋದಳು. ಚಪ್ಪಲಿ ಸಿಕ್ಕಿಸಲಿಲ್ಲ, ಬಾಗಿಲನ್ನು ಸುಮ್ಮನೆ ಮುಂದಕ್ಕೆ ತಳ್ಳಿಕೊಂಡಳು. ಸ್ವಲ್ಪ ಹೊತ್ತು ನೀರಿನ ಸದ್ದು, ಆಮೇಲೆ ಹಾಡು ಶುರುವಾಯಿತು. ಅಯ್ಯೋ, ಎಂಥ ಗಂಟಲು! ಒಂದು ಸ್ವರವೂ ನೆಟ್ಟಗಿಲ್ಲ. ನಾನು ಕುರ್ಚಿ ತಂದು ಬಾಗಿಲ ಹೊರಗೆ ಹಾಕಿಕೊಂಡು ಕೂತು ಪೂರ್ತಿ ಕೇಳಿದೆ.